ಕೊಯ್ದ ಕೊಳವೆ ಬೆಳೆಯುವುದಿಲ್ಲ

ಕಳೆದ ತಿಂಗಳು ಒಂದು ಭಾನುವಾರ 14 ವರ್ಷದ ಹುಡುಗಿಯೊಬ್ಬಳು ತನ್ನ ಟ್ರ್ಯಾಕ್ ಸೈಕಲ್ಲನ್ನು ತಂದು ನಮ್ಮ ಮನೆಯ ಕಟ್ಟೆಗೆ ಆನಿಸಿ ನಿಲ್ಲಿಸಿದಳು. ಹ್ಯಾಂಡಲ್ಲಿನ ಬುಡದಲ್ಲಿ, ಒಂದರ ಮೇಲೊಂದು ಕೂತ ಮೂರು ಕರಿ ಉಂಗುರಗಳ ಕೆಳಗೆ, ಯಾರೋ ವೈಟ್‌ನರ್‌ನಲ್ಲಿ ಗೆರೆ ಎಳೆದಿದ್ದರು.

"ಸರ್, ಈ ಮೂರೂ ತಗದು, ಮ್ಯಾಲ ಉಳಿಯೂ ಕೊಳವಿ ಕೊಯ್ದು ಕೊಡ್ರಿ. ಹ್ಯಾಂಡಲ್ ಈ ಗೆರಿಗೆ ಬರಬೇಕಂತ. ಕೋಚ್ ಹೇಳ್ಯಾರ."

"ಕೊಯ್ಯೂದಿಲ್ಲ" ಅಂದೆ.

"ಬೈತಾರ್ರೀ ಸರ್."

"ಬೈಲಿ. ನನ್ನ ಹೆಸರು ಹೇಳು."

ಬೈಗುಳ ಬಂತು. ಫೋನಿನಲ್ಲಿ ಬಂತು, ಅರ್ಧ ತಾಸು ಬಂತು. ಫೋನಿನಲ್ಲಿ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಸಿಟ್ಟು ಬಂದಾಗ ನನಗೆ ಮಾತು ಹೊರಡುವುದಿಲ್ಲ, ಬರೆಯಲು ಮಾತ್ರ ಬರುತ್ತದೆ. ಆ ಉತ್ತರ ಇಲ್ಲಿದೆ.

ಟ್ರ್ಯಾಕ್ ಸೈಕಲ್ ನೋಡದವರಿಗೆ ಎರಡು ಮಾತು. ಅದಕ್ಕೆ ಬ್ರೇಕ್ ಇರುವುದಿಲ್ಲ. ಗೇರ್ ಒಂದೇ. ಪೆಡಲ್ ನಿಲ್ಲಿಸಿ ಸುಮ್ಮನೆ ಉರುಳುವ ಸುಖವೂ ಇಲ್ಲ, ಹಿಂದಿನ ಚಕ್ರ ತಿರುಗುವಷ್ಟು ಹೊತ್ತು ಕಾಲೂ ತಿರುಗಲೇಬೇಕು. ಇಂಥ ಸೈಕಲ್ ಓಡುವುದು ಓರೆಯಾಗಿ ಎತ್ತಿ ಕಟ್ಟಿದ ಅಂಡಾಕಾರದ ಟ್ರ್ಯಾಕಿನ ಮೇಲೆ. ದಿಲ್ಲಿಯಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ಕಟ್ಟಿದ 250 ಮೀಟರಿನ ಮರದ ಟ್ರ್ಯಾಕ್ ಅಂಥದ್ದು. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳು ನಸುಕಿನಲ್ಲಿ ಹೆದ್ದಾರಿಯ ಅಂಚು ಹಿಡಿದು ತುಳಿದು ತುಳಿದು, ಆಮೇಲೆ ಅಂಥ ಟ್ರ್ಯಾಕಿಗೆ ಹೋಗಿ ಪದಕ ತಂದವರು. ಇದು ನನ್ನ ಊರಿನ ಹೆಮ್ಮೆ. ಹೆಮ್ಮೆಯಿದ್ದ ಕಡೆಯೇ ಜಗಳವೂ ಇರುತ್ತದೆ.

ಇನ್ನು ಆ ಕೊಳವೆ. ಮುಂದಿನ ಚಕ್ರವನ್ನು ಹಿಡಿದುಕೊಳ್ಳುವ ಫೋರ್ಕಿಗೆ ಮೇಲೊಂದು ಉದ್ದನೆಯ ಕೊಳವೆ ಇರುತ್ತದೆ. ಅದು ಸೈಕಲ್ಲಿನ ಚೌಕಟ್ಟಿನ ಮುಂಭಾಗದ ಒಳಗಿಂದ ತೂರಿ ಮೇಲೆ ಬರುತ್ತದೆ. ತೂರಿಬರುವಲ್ಲಿ ಕೆಳಗೊಂದು, ಮೇಲೊಂದು ಬೇರಿಂಗ್. ಈ ಜೋಡಿಗೆ ಹೆಡ್‌ಸೆಟ್ ಅನ್ನುತ್ತಾರೆ. ಹ್ಯಾಂಡಲ್ ತಿರುಗುವುದು ಇದರ ಕೃಪೆಯಿಂದ. ಹೊರಗೆ ಕಾಣುವ ಕೊಳವೆಯ ತುದಿಗೆ ಉಂಗುರಗಳನ್ನು, ಅಂದರೆ ಸ್ಪೇಸರ್‌ಗಳನ್ನು ತೊಡಿಸಿ, ಮೇಲೆ ಸ್ಟೆಮ್ ಕೂರಿಸಿ, ಸ್ಟೆಮ್ಮಿಗೆ ಹ್ಯಾಂಡಲ್ ಬಿಗಿಯುತ್ತಾರೆ. ಉಂಗುರ ಸ್ಟೆಮ್ಮಿನ ಕೆಳಗಿದ್ದರೆ ಹ್ಯಾಂಡಲ್ ಎತ್ತರ. ಅದೇ ಉಂಗುರವನ್ನು ಸ್ಟೆಮ್ಮಿನ ಮೇಲಕ್ಕೆ ದಾಟಿಸಿದರೆ ಹ್ಯಾಂಡಲ್ ತಗ್ಗು. ಅಲೆನ್ ಕೀ ಒಂದಿದ್ದರೆ ಹತ್ತು ನಿಮಿಷದ ಕೆಲಸ. ನಾಳೆ ಬೇಡವೆನಿಸಿದರೆ ಮತ್ತೆ ಹತ್ತು ನಿಮಿಷ.

ಕೊಳವೆ ಕೊಯ್ದರೆ ಆ ನಾಳೆ ಇಲ್ಲ.

ಹಾಗಿದ್ದರೂ ಯಾಕೆ ಕೊಯ್ಯುತ್ತಾರೆ? ನಾನು ಕೇಳಿದ ಕಾರಣಗಳಲ್ಲಿ ಪ್ರಾಮಾಣಿಕವಾದದ್ದು ಒಂದೇ: ಮೇಲೆ ಉಂಗುರ ಉಳಿದರೆ ಚಂದ ಕಾಣುವುದಿಲ್ಲ. ಗೋಡೆಯ ಮೇಲಿನ ಪೋಸ್ಟರಿನಲ್ಲಿ, ಮೊಬೈಲಿನ ಚಿತ್ರದಲ್ಲಿ, ಚಾಂಪಿಯನ್ನರ ಸೈಕಲ್ಲಿನ ಸ್ಟೆಮ್ ನೇರ ಚೌಕಟ್ಟಿನ ಮೇಲೇ ಮಲಗಿರುತ್ತದೆ. ಸೀಟು ಆಕಾಶದಲ್ಲಿ, ಹ್ಯಾಂಡಲ್ ಪಾತಾಳದಲ್ಲಿ. ಬೆಂಗಳೂರಿನಲ್ಲಿ ಕಾಫಿಗೆ ಹೋಗಲು ಟ್ರ್ಯಾಕ್ ಸೈಕಲ್ ಏರುವ ಗೆಳೆಯರೂ ಹಾಗೇ ಕೊಯ್ಸಿಕೊಂಡಿದ್ದಾರೆ. ಅವರ ಕತ್ತು, ಅವರ ದುಡ್ಡು, ನನ್ನ ತಕರಾರಿಲ್ಲ. ಎಷ್ಟು ಉಳಿದಿದೆ ಎಂದು ಕೇಳುವ ಹಕ್ಕೇ ಇಲ್ಲದ ಮಕ್ಕಳ ಸೈಕಲ್ಲಿಗೆ ಗರಗಸ ಹಾಕುವುದರ ಮೇಲೆ ನನ್ನ ತಕರಾರು.

ಆ ಮಕ್ಕಳಲ್ಲಿ ನಾನೂ ಒಬ್ಬನಾಗಿದ್ದೆ. 15ನೇ ವಯಸ್ಸಿಗೆ ಒಂದು ಕ್ರೀಡಾ ಹಾಸ್ಟೆಲ್ ಸೇರಿದೆ. ಯಾವುದೆಂದು ಹೇಳುವುದಿಲ್ಲ, ಎಲ್ಲವೂ ಹೆಚ್ಚುಕಡಿಮೆ ಹಾಗೇ ಇದ್ದವು. ಹಾಸ್ಟೆಲ್ಲಿನಲ್ಲಿ ಸೈಕಲ್ ಯಾರ ಸ್ವಂತದ್ದೂ ಅಲ್ಲ. ಹಿರಿಯ ಬಿಟ್ಟುಹೋದದ್ದು ಕಿರಿಯನಿಗೆ, ಅವನು ಬಿಟ್ಟದ್ದು ಮತ್ತೊಬ್ಬನಿಗೆ, ಮನೆಯಲ್ಲಿ ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ. ಅಂಗಿಯಾದರೆ ಅವ್ವ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತಿದ್ದಳು. ನನಗೆ ಬಂದ ಸೈಕಲ್ಲಿನಲ್ಲಿ ಬಿಚ್ಚಲು ಹೊಲಿಗೆಯೇ ಉಳಿದಿರಲಿಲ್ಲ. ಹಿಂದಿನವನು ಉದ್ದ ಮೈಯ, ಗಿಡ್ಡ ಕಾಲಿನ, ಬೆನ್ನು ಬಾಳೆಲೆಯಂತೆ ಮಡಚಬಲ್ಲ ಹುಡುಗ. ಅವನ ಅಳತೆಗೆ ಕೊಳವೆ ಕೊಯ್ದಿದ್ದರು. ನಾನು ಅವನಿಗೆ ತದ್ವಿರುದ್ಧ: ಕೊಕ್ಕರೆಯ ಕಾಲು, ಮೊಟಕು ಮೈ. ಕಾಲಿಗೆ ಸರಿಹೋಗಲು ಸೀಟು ಏರಿಸಲೇಬೇಕು. ಸೀಟು ಏರಿದಷ್ಟೂ ಹ್ಯಾಂಡಲ್ ಇನ್ನಷ್ಟು ಕೆಳಗಾಯಿತು.

ಕೋಚ್ ಬಳಿ ಇದ್ದದ್ದು ಒಂದೇ ಶಬ್ದ: "ಬಗ್ಗು." ಬಗ್ಗಿದೆ. ಎರಡನೇ ತಿಂಗಳಿಗೆ ಎರಡೂ ಕೈಯ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯತೊಡಗಿದವು. ರಾತ್ರಿ ಊಟಕ್ಕೆ ಕೂತರೆ ರೊಟ್ಟಿ ಮುರಿಯಲು ಬೆರಳು ಕೇಳುತ್ತಿರಲಿಲ್ಲ. ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ನರದ ಮೇಲೆ ಮೈಭಾರ ಬಿದ್ದರೆ ಹೀಗಾಗುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಹೇಳಿದರೆ "ಅಭ್ಯಾಸ ಆಗತೈತಿ" ಅನ್ನುತ್ತಿದ್ದರು. ಆಯಿತು ಕೂಡ. ಬೆರಳಿಲ್ಲದ ಹಾಗೆ ಬದುಕುವುದು ಅಭ್ಯಾಸವಾಯಿತು.

ಊರಿನಲ್ಲಿ ನಾವೆಲ್ಲ ಕಾಕಾ ಅನ್ನುತ್ತಿದ್ದ ಸೈಕಲ್ ಅಂಗಡಿಯವರೊಬ್ಬರಿದ್ದರು. ರಜೆಗೆ ಬಂದಾಗ ಅವರ ಮುಂದೆ ಸೈಕಲ್ ನಿಲ್ಲಿಸಿದೆ. ಮುಚ್ಚಳ ಬಿಚ್ಚಿ ಒಳಗೆ ನೋಡಿದವರು ಬೀಡಿ ಕೆಳಗೆ ಹಾಕಿದರು.

"ಏ ತಮ್ಮಾ, ಇದನ್ನ ಕೊಯ್ದಾವ ಯಾವ?"

ಕೊಯ್ದದ್ದು ಹೆಚ್ಚಾಗಿತ್ತು. ಸ್ಟೆಮ್ ಕೂರಿಸಿದಾಗ ಕೊಳವೆಯ ತುದಿ ಸ್ಟೆಮ್ಮಿನ ಮೇಲಂಚಿಗಿಂತ 3 ಮಿಲಿಮೀಟರಿನಷ್ಟು ಒಳಗಿರಬೇಕು. ಆ ಸಂದಿನಿಂದಲೇ ಮೇಲಿನ ಮುಚ್ಚಳ ಬೇರಿಂಗನ್ನು ಒತ್ತಲು ಸಾಧ್ಯ. ನನ್ನದರಲ್ಲಿ ಅದು ಒಂದು ಸೆಂಟಿಮೀಟರಿನಷ್ಟು ಒಳಗಿತ್ತು. ಸ್ಟೆಮ್ಮಿಗೆ ಪಕ್ಕದಲ್ಲಿ ಎರಡು ಬೋಲ್ಟು. ಮೇಲಿನದು ಕೊಳವೆಯ ತುದಿಯಂಚನ್ನೇ ಹಿಡಿದುಕೊಂಡಿತ್ತು. ಕಾಕಾ ಸ್ಟೆಮ್ ತೆಗೆದು ತಲೆಕೆಳಗು ಮಾಡಿ ಹಾಕಿಕೊಟ್ಟರು. 6 ಡಿಗ್ರಿ ಓರೆಯಿರುವ 100 ಮಿಲಿಮೀಟರಿನ ಸ್ಟೆಮ್ ಹಾಗೆ ತಿರುವಿದರೆ ಹ್ಯಾಂಡಲ್ ಸುಮಾರು 20 ಮಿಲಿಮೀಟರ್ ಮೇಲೇಳುತ್ತದೆ. ಎರಡು ಸೆಂಟಿಮೀಟರ್, ಅಷ್ಟೆ. ಆ ರಜೆಯಲ್ಲಿ ನನ್ನ ಬೆರಳುಗಳು ವಾಪಸು ಬಂದವು. "ಇದನ್ನ ಹಿಂಗ ಬಿಡು, ಆದ್ರ ಹೊಸಾ ಫೋರ್ಕ್ ಕೇಳು. ಕೊಯ್ದ ಕೊಳವಿ ಬೆಳಿಯೂದಿಲ್ಲ" ಅಂದರು.

ಹಾಸ್ಟೆಲ್ಲಿಗೆ ಮರಳಿದ ದಿನವೇ ಸ್ಟೆಮ್ಮನ್ನು ಮತ್ತೆ ಮೊದಲಿನಂತೆ ಹಾಕಿಸಿದರು. ಫೋರ್ಕ್ ಕೇಳಿದ್ದಕ್ಕೆ ನಗು ಸಿಕ್ಕಿತು. ಅದಾದ ಕೆಲವು ವಾರಕ್ಕೆ, ನಿಂತ ನೆಲದಿಂದ ಎದ್ದು ಜಗ್ಗುವ ಸ್ಟಾರ್ಟಿನ ಅಭ್ಯಾಸದಲ್ಲಿ, ಸ್ಟೆಮ್ ಕೊಳವೆಯ ಮೇಲೆ ಜಾರಿ ತಿರುಗಿತು. ಹ್ಯಾಂಡಲ್ ಒಂದು ಕಡೆಗೆ, ಚಕ್ರ ಇನ್ನೊಂದು ಕಡೆಗೆ, ನಾನು ಸಿಮೆಂಟಿನ ಮೇಲೆ. ಕೊರಳೆಲುಬು ಮುರಿಯಿತು. ಎಲುಬು ಕೂಡಿತು. ನಾನು ಹಾಸ್ಟೆಲ್ಲಿಗೆ ಮರಳಲಿಲ್ಲ. ಈಗ ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತೇನೆ, ಭಾನುವಾರ ಮಕ್ಕಳ ಸೈಕಲ್ ರಿಪೇರಿ ಮಾಡುತ್ತೇನೆ. ಹಳೆಯ ಸಿಟ್ಟು ಇದರಲ್ಲಿ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ.

ಸಿಟ್ಟನ್ನು ಬದಿಗಿಟ್ಟು ಎದುರು ವಾದವನ್ನೂ ನೋಡೋಣ, ಅದು ಪೂರ್ತಿ ಸುಳ್ಳಲ್ಲ. ಸಮತಟ್ಟಾದ ಜಾಗದಲ್ಲಿ ತಾಸಿಗೆ 40 ಕಿಲೋಮೀಟರ್ ದಾಟಿದ ಮೇಲೆ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸರಿಸುವುದಕ್ಕೇ ಹೋಗುತ್ತದೆ. ವೇಗ ಎರಡರಷ್ಟಾದರೆ ಗಾಳಿಗೆ ತೆರಬೇಕಾದ ಶಕ್ತಿ ಎಂಟರಷ್ಟು. ಆ ಗಾಳಿಗೆ ಅಡ್ಡ ನಿಲ್ಲುವುದರಲ್ಲಿ ಸೈಕಲ್ಲಿಗಿಂತ ಮೈಯ ಪಾಲೇ ದೊಡ್ಡದು. ಆದ್ದರಿಂದ ಮೈ ತಗ್ಗಬೇಕು ಅನ್ನುವುದು ಸರಿ. ಆದರೆ ಮೈ ತಗ್ಗುವುದೂ ಹ್ಯಾಂಡಲ್ ತಗ್ಗುವುದೂ ಒಂದೇ ಅಂದುಕೊಳ್ಳುವಲ್ಲಿ ಲೆಕ್ಕ ತಪ್ಪುತ್ತದೆ. ಸೊಂಟ ಎಷ್ಟು ಮುಂದಕ್ಕೆ ಹೊರಳುತ್ತದೋ ಅಷ್ಟೇ ಬೆನ್ನು ಮಲಗುತ್ತದೆ. ಅದಕ್ಕಿಂತ ಹೆಚ್ಚು ತಗ್ಗಿಸಿದರೆ ಬೆನ್ನು ಗೂನಾಗುತ್ತದೆ, ಮೊಣಕೈ ಕೋಲಿನಂತೆ ಸೆಟೆಯುತ್ತದೆ, ಭುಜ ಕಿವಿಗೆ ಏರುತ್ತದೆ, ದಾರಿ ನೋಡಲು ತಲೆ ಎತ್ತಲೇಬೇಕಾಗಿ ಮುಖ ಗಾಳಿಗೆ ಗೋಡೆಯಾಗುತ್ತದೆ. ಮೇಲೆ ಬರುವ ತೊಡೆ ಹೊಟ್ಟೆಗೆ ಗುದ್ದುತ್ತದೆ. ಜಾಗ ಸಾಲದೆ ಮೊಣಕಾಲು ಹೊರಗೆ ಚಾಚಿಕೊಳ್ಳುತ್ತದೆ. ಉಸಿರು ಅರ್ಧಕ್ಕೆ ನಿಲ್ಲುತ್ತದೆ. ಎರಡು ಸೆಂಟಿಮೀಟರ್ ಮೇಲಿನ ಹ್ಯಾಂಡಲ್ ಹಿಡಿದು ಮೊಣಕೈ ಮಡಚಿ, ಮುಂಗೈಯನ್ನು ನೆಲಕ್ಕೆ ಸಮಾನಾಂತರ ಇಟ್ಟ ಹುಡುಗಿ, ಪಾತಾಳದ ಹ್ಯಾಂಡಲ್ಲಿಗೆ ಜೋತುಬಿದ್ದ ಹುಡುಗಿಗಿಂತ ಗಾಳಿಗೆ ಚಿಕ್ಕದಾಗಿ ಕಾಣುತ್ತಾಳೆ. ಕಾಲೂ ಅವಳ ಮಾತು ಕೇಳುತ್ತದೆ.

"ಚಾಂಪಿಯನ್ನರು ಮತ್ತೆ?" ಎಂದು ಫೋನಿನಲ್ಲಿ ಕೇಳಿದರು. ಚಾಂಪಿಯನ್ನರನ್ನೇ ನೋಡೋಣ. ಸ್ಕಾಟ್ಲೆಂಡಿನ ಗ್ರೇಮ್ ಒಬ್ರಿ 1993ರ ಜುಲೈನಲ್ಲಿ ನಾರ್ವೆಯ ಹಾಮರ್‌ನಲ್ಲಿ ಒಂದು ತಾಸಿಗೆ 51.596 ಕಿಲೋಮೀಟರ್ ತುಳಿದು, ಒಂಬತ್ತು ವರ್ಷದಿಂದ ಅಲುಗದ ಮೊಸೆರ್‌ನ ದಾಖಲೆ ಮುರಿದ. ತಾನೇ ಕಟ್ಟಿಕೊಂಡ ಸೈಕಲ್ ಅದು. ಹ್ಯಾಂಡಲ್ ಎಲ್ಲಿತ್ತು? ಎದೆಯ ಕೆಳಗೆ, ಮೈಗೆ ಅಂಟಿಕೊಂಡ ಹಾಗೆ, ಕೈಗಳು ಹಕ್ಕಿಯ ರೆಕ್ಕೆಯಂತೆ ಮಡಚಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಆ ಭಂಗಿಯನ್ನು ನಿಷೇಧಿಸಿತು. ಅವನು ಕೈಗಳನ್ನು ಮುಂದಕ್ಕೆ ಪೂರ್ತಿ ಚಾಚುವ ಇನ್ನೊಂದು ಭಂಗಿ ಹುಡುಕಿದ. 1996ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕ್ರಿಸ್ ಬೋರ್ಡ್‌ಮನ್ 56.375 ಕಿಲೋಮೀಟರ್ ಹೋದದ್ದು ಆ ಭಂಗಿಯಲ್ಲೇ. ಅದೂ ನಿಷೇಧವಾಯಿತು. ಇತ್ತೀಚಿನ ವರ್ಷಗಳಲ್ಲಿ ಪರ್ಸ್ಯೂಟ್ ಸವಾರರು ಮುಂಗೈಗಳನ್ನು ಮೇಲೆತ್ತಿ ಮುಖದ ಹತ್ತಿರ ಹಿಡಿಯುತ್ತಿದ್ದಾರೆ. ಈ ಮೂರರಲ್ಲಿ ಒಂದಾದರೂ "ಹ್ಯಾಂಡಲ್ ತಗ್ಗಿಸು" ಎಂಬ ಉಪದೇಶದಿಂದ ಹುಟ್ಟಿದ್ದಲ್ಲ. ತನ್ನ ಮೈಯನ್ನು ಹುಚ್ಚನಂತೆ ಗಮನಿಸಿ, ಯಂತ್ರವನ್ನು ಅದಕ್ಕೆ ಒಗ್ಗಿಸಿದವರ ಕೆಲಸ ಅದು.

ಜಪಾನಿನ ಕೀರಿನ್ ಸವಾರರ ಹೆಸರೂ ಬಂತು. 1948ರಲ್ಲಿ ಕೊಕುರಾದಲ್ಲಿ ಶುರುವಾದ ಆ ಪಂದ್ಯದಲ್ಲಿ ಉಕ್ಕಿನ ಸೈಕಲ್, ಹಳೆಯ ಪದ್ಧತಿಯ ಹೆಡ್‌ಸೆಟ್. ಅವರ ಹ್ಯಾಂಡಲ್ ತಗ್ಗಾಗಿರುತ್ತದೆ ನಿಜ. ಆದರೆ ಅಲ್ಲಿ ಸವಾರನ ಮೈ ಅಳೆದು ಅವನಿಗಾಗಿಯೇ ಚೌಕಟ್ಟು ಕಟ್ಟುತ್ತಾರೆ. ಅಂಗಿಯನ್ನು ದರ್ಜಿಯಿಂದ ಹೊಲಿಸಿಕೊಂಡವನನ್ನು ತೋರಿಸಿ, ಇನ್ನೊಬ್ಬನ ಅಂಗಿ ತೊಟ್ಟವನ ತೋಳು ಕತ್ತರಿಸುವುದೇ? ಹುಲಿಯನ್ನು ಕಂಡು ನರಿ ಬರೆ ಹಾಕಿಕೊಂಡಿತಂತೆ. ನಮ್ಮಲ್ಲಿ ಬರೆ ಹಾಕುವವರು ಒಬ್ಬರು, ಹಾಕಿಸಿಕೊಳ್ಳುವವರು ಇನ್ನೊಬ್ಬರು.

ಇನ್ನು ಆ ಹುಡುಗಿಯ ಸೈಕಲ್ಲಿಗೆ ಬರುತ್ತೇನೆ. ಕೊಯ್ಯುವುದಿಲ್ಲ ಅಂದವನು ಸುಮ್ಮನೆ ವಾಪಸು ಕಳಿಸಲಿಲ್ಲ. ಮೊದಲು ಮುಂದಿನ ಚಕ್ರ ನೆಲದಿಂದ ಎತ್ತಿ ಹ್ಯಾಂಡಲ್ಲನ್ನು ಬೆರಳ ತುದಿಯಿಂದ ತಿರುಗಿಸಿ ನೋಡಿದೆ. ನಡುವೆ ಬಂದಾಗಲೆಲ್ಲ ಟಕ್ ಎಂದು ಹಳ್ಳಕ್ಕೆ ಬಿದ್ದಂತೆ ನಿಲ್ಲುತ್ತಿತ್ತು.

"ಇದು ಭಾಳ ಚಲೋ ಐತ್ರಿ ಸರ್, ತಾನ ನೆಟ್ಟಗ ಹೋಗತೈತಿ" ಅಂದಳು, ಖುಷಿಯಿಂದ.

ಅದು ಒಳ್ಳೆಯ ಗುಣವಲ್ಲ, ಬೇರಿಂಗಿನ ಕಾಯಿಲೆ. ಟ್ರ್ಯಾಕ್ ಸೈಕಲ್ಲಿನ ಹ್ಯಾಂಡಲ್ ಹೆಚ್ಚು ತಿರುಗುವುದೇ ಇಲ್ಲ. ಗುಂಡುಗಳು ವರ್ಷಗಟ್ಟಲೆ ಅದೇ ಜಾಗದಲ್ಲಿ ಅದುರಿ ಅದುರಿ ಬಟ್ಟಲಿನಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಆ ಗುಳಿಗೆ ಹ್ಯಾಂಡಲ್ ಸಿಕ್ಕಿಹಾಕಿಕೊಳ್ಳುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ, ಓರೆಯ ಮೇಲೆ, ಮುಂದಿನವಳ ಚಕ್ರಕ್ಕೆ ಗೇಣು ದೂರದಲ್ಲಿರುವಾಗ ಕೂದಲೆಳೆಯಷ್ಟು ತಿರುಗಿಸಬೇಕು ಅಂದರೆ, ಅದು ಮೊದಲು ತಿರುಗುವುದಿಲ್ಲ, ಆಮೇಲೆ ಬೇಕಾದ್ದಕ್ಕಿಂತ ಹೆಚ್ಚು ತಿರುಗುತ್ತದೆ. ಹ್ಯಾಂಡಲ್ ತಗ್ಗಿಸಿ ಮುಂಭಾಗಕ್ಕೆ ಇನ್ನಷ್ಟು ಭಾರ ಹೇರಲು ಹೊರಟವರು ಇದನ್ನು ಒಮ್ಮೆಯೂ ಬೆರಳಿಟ್ಟು ನೋಡಿರಲಿಲ್ಲ. ಕೊಳವೆ ಕೊಯ್ಯಲು ಗೆರೆ ಎಳೆಯುವಾಗ ಅವರ ಕೈ ಅದರಿಂದ ಎರಡು ಇಂಚು ದೂರದಲ್ಲಿತ್ತು.

ಹಳೆಯ ಕಾಲದ ಬಿಡಿ ಗುಂಡುಗಳ ಹೆಡ್‌ಸೆಟ್ ಆಗಿದ್ದರೆ ಕಾಕಾ ಒಂದು ಉಪಾಯ ಮಾಡುತ್ತಿದ್ದರು: ಗುಂಡುಗಳನ್ನು ಹಿಡಿದಿಡುವ ತಗಡಿನ ಬಳೆ ಬಿಸಾಕಿ, ಗ್ರೀಸಿನಲ್ಲಿ ಬಿಡಿ ಗುಂಡು ತುಂಬಿಸುವುದು. ಸಂಖ್ಯೆ ಬದಲಾದ್ದರಿಂದ ಗುಂಡುಗಳೆಲ್ಲ ಒಟ್ಟಿಗೆ ಹಳೆಯ ಗುಳಿಗೆ ಬೀಳುವುದಿಲ್ಲ, ಇನ್ನೊಂದೆರಡು ವರ್ಷ ಕೆಲಸ ಸಾಗುತ್ತದೆ. ಇವಳದ್ದು ಇಡಿಯಾಗಿ ಬರುವ ಬೇರಿಂಗ್, ಬದಲಿಸಿದೆ.

ಆಮೇಲೆ ಒಂದೇ ಒಂದು ಉಂಗುರವನ್ನು ಸ್ಟೆಮ್ಮಿನ ಮೇಲಕ್ಕೆ ದಾಟಿಸಿದೆ. 10 ಮಿಲಿಮೀಟರ್. ಗಣಿತದ ಮೇಷ್ಟ್ರಾದ್ದರಿಂದ ಒಂದು ಲೆಕ್ಕ ಹೇಳದೆ ಬಿಡಲಾರೆ. ಕೊಳವೆ ನೆಟ್ಟಗೆ ನಿಂತಿರುವುದಿಲ್ಲ, ನೆಲಕ್ಕೆ ಸುಮಾರು 74 ಡಿಗ್ರಿ ವಾಲಿರುತ್ತದೆ. ಹಾಗಾಗಿ ಸ್ಟೆಮ್ ಅದರ ಮೇಲೆ ಕೆಳಗಿಳಿದಷ್ಟೂ ಮುಂದಕ್ಕೂ ಹೋಗುತ್ತದೆ. ಕೋಚ್ ಹೇಳಿದಂತೆ 30 ಮಿಲಿಮೀಟರ್ ಇಳಿಸಿದ್ದರೆ ಹ್ಯಾಂಡಲ್ 29 ಮಿಲಿಮೀಟರಿನಷ್ಟು ಕೆಳಗೆ ಹೋಗುವುದರ ಜೊತೆಗೆ 8 ಮಿಲಿಮೀಟರ್ ದೂರವೂ ಹೋಗುತ್ತಿತ್ತು. ತಗ್ಗಿಸುವುದೆಂದರೆ ಚಾಚುವುದೂ ಹೌದು. ಮೊದಲೇ ಕೈ ಸೆಟೆಸಿ ಹಿಡಿಯುವವಳಿಗೆ ಇದು ಸಣ್ಣ ಮಾತಲ್ಲ.

ಬಿಗಿಯುವುದರಲ್ಲೂ ಒಂದು ಕ್ರಮವಿದೆ, ಅದನ್ನು ತಪ್ಪದವರನ್ನು ನಾನು ಕಂಡದ್ದು ಕಡಿಮೆ. ಮೇಲಿನ ಮುಚ್ಚಳದ ಬೋಲ್ಟು ಇರುವುದು ಹ್ಯಾಂಡಲ್ಲನ್ನು ಹಿಡಿದಿಡಲು ಅಲ್ಲ, ಬೇರಿಂಗಿನ ಸಡಿಲು ತೆಗೆಯಲು ಮಾತ್ರ. ಮೊದಲು ಸ್ಟೆಮ್ಮಿನ ಪಕ್ಕದ ಬೋಲ್ಟುಗಳು ಸಡಿಲಿರಬೇಕು, ಆಮೇಲೆ ಮುಚ್ಚಳವನ್ನು ಸ್ವಲ್ಪಸ್ವಲ್ಪವೇ ತಿರುವಬೇಕು, ಸಡಿಲು ಹೋಯಿತು ಅನ್ನುವಲ್ಲಿ ನಿಲ್ಲಿಸಬೇಕು, ಕೊನೆಗೆ ಸ್ಟೆಮ್ಮನ್ನು ಚಕ್ರದ ನೇರಕ್ಕೆ ತಂದು ಪಕ್ಕದ ಬೋಲ್ಟು ಬಿಗಿಯಬೇಕು. ನಮ್ಮವರು ಪಕ್ಕದ್ದು ಬಿಗಿದಿರುವಾಗಲೇ ಮೇಲಿನದನ್ನು ಜೀವಬಿಟ್ಟು ತಿರುವುತ್ತಾರೆ, ಒಳಗಿನ ಹಿಡಿ ಕಿತ್ತುಬರುವವರೆಗೆ. ಸಡಿಲು ಹಾಗೇ ಉಳಿಯುತ್ತದೆ. ರಸ್ತೆಯ ಸೈಕಲ್ಲಾದರೆ ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲುಗಿಸಿ ಸಡಿಲು ಪತ್ತೆ ಮಾಡಬಹುದು. ಟ್ರ್ಯಾಕ್ ಸೈಕಲ್ಲಿಗೆ ಆ ಬ್ರೇಕೂ ಇಲ್ಲ. ಹ್ಯಾಂಡಲ್ಲನ್ನು ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿ, ಕೆಳಗಿನ ಬೇರಿಂಗಿನ ಸಂದಿಗೆ ಬೆರಳಿಟ್ಟು, ಸೈಕಲ್ಲನ್ನು ಹಿಂದೆ ಮುಂದೆ ದೂಡಬೇಕು. ಸಡಿಲಿದ್ದರೆ ಬೆರಳಿಗೆ ಗೊತ್ತಾಗುತ್ತದೆ. ಹುಡುಗಿಯ ಬೆರಳನ್ನೇ ಅಲ್ಲಿ ಇಡಿಸಿದೆ. ಮೂರು ಸಲ ಸಡಿಲು ಮಾಡಿ, ಮೂರು ಸಲ ತೆಗೆಸಿದೆ. ಮೂರನೆಯ ಸಲ ಅವಳು ನನ್ನನ್ನು ಕೇಳಲಿಲ್ಲ, ತಾನೇ ಕೀ ಕೆಳಗಿಟ್ಟಳು.

ಕೊನೆಗೆ ರೋಲರ್ ಮೇಲೆ ಹತ್ತು ನಿಮಿಷ, ಹ್ಯಾಂಡಲ್ಲಿನ ಕೆಳಬಾಗು ಹಿಡಿದು. ಮೊಣಕೈ ಮಡಚಿಯೇ ಇತ್ತು. ಮೊಣಕಾಲು ನೇರ ಬರುತ್ತಿತ್ತು. ಎಂಟನೆಯ ನಿಮಿಷಕ್ಕೆ ಮಾತಾಡಿಸಿದೆ, ಉತ್ತರ ಕೊಡುವಷ್ಟು ಉಸಿರಿತ್ತು. ಎರಡನೆಯ ಉಂಗುರವನ್ನೂ ದಾಟಿಸಿ ನೋಡಿದೆ. ಎರಡೇ ನಿಮಿಷಕ್ಕೆ ಬಲ ಮೊಣಕಾಲು ಹೊರಗೆ ಚಾಚಿತು, ಕೈ ಸೆಟೆಯಿತು. ಉಂಗುರವನ್ನು ಮತ್ತೆ ಕೆಳಗೆ ತಂದೆ. ಬೇಸಿಗೆಯ ಹೊತ್ತಿಗೆ ಸೊಂಟ, ತೊಡೆಯ ಹಿಂಭಾಗ ಇನ್ನಷ್ಟು ಸಡಿಲಾದರೆ ಅದನ್ನೂ ದಾಟಿಸೋಣ. ಆಗದಿದ್ದರೆ ಬಿಡೋಣ. ಈ ವಿಚಾರಣೆ ನಡೆಯಬೇಕಾದರೆ ಕೊಳವೆ ಇರಬೇಕು. ನೆಗಡಿಯಾದರೆ ಮೂಗು ಕೊಯ್ಯಬೇಕೇ ಎಂದು ನಮ್ಮ ಹಿರಿಯರು ಕೇಳಿದ್ದು ತಮಾಷೆಗೆ. ಇಲ್ಲಿ ನೆಗಡಿಯೂ ಇರಲಿಲ್ಲ.

ಫೋನ್ ಬಂದದ್ದು ಮರುದಿನ. ನನಗೆ ಏನು ಗೊತ್ತು, ಎಷ್ಟು ಪದಕ ತಂದಿದ್ದೇನೆ, ಮಕ್ಕಳನ್ನು ಮೆತ್ತಗೆ ಮಾಡುತ್ತಿದ್ದೇನೆ, ಇತ್ಯಾದಿ. ಪದಕ ಒಂದೂ ಇಲ್ಲ. ಆದರೆ ಮೆತ್ತಗೆ ಮಾಡುವ ಮಾತಿಗೆ ಇಲ್ಲಿ ಉತ್ತರ ಹೇಳುತ್ತೇನೆ. ನೋವು ತಿನ್ನುವುದು ಈ ಆಟದಲ್ಲಿ ಇದ್ದೇ ಇದೆ, ಕೊನೆಯ ಸುತ್ತಿನಲ್ಲಿ ತೊಡೆ ಉರಿಯದಿದ್ದರೆ ಅದು ಪಂದ್ಯವೇ ಅಲ್ಲ. ಆ ಉರಿ ಹುಡುಗಿಯ ದುಡಿಮೆಯದು. ಬೆರಳಿನ ಜೋಮು, ಕತ್ತಿನ ಹಿಡಿತ ಅವಳ ದುಡಿಮೆಯದಲ್ಲ, ಇನ್ನೊಬ್ಬರ ಸೋಮಾರಿತನದ್ದು. ಉಂಗುರ ದಾಟಿಸಿ, ಕಾದು, ನೋಡಿ, ಮತ್ತೆ ದಾಟಿಸುವ ತಾಳ್ಮೆ ಇಲ್ಲದವರು ಮಕ್ಕಳಿಗೆ ತಾಳಿಕೋ ಅನ್ನುತ್ತಾರೆ. ಬಗ್ಗು ಅನ್ನುವುದಕ್ಕೆ ಒಂದು ಕ್ಷಣ ಸಾಕು. ಬಗ್ಗಿದ್ದನ್ನು ಕೂತು ನೋಡುವುದಕ್ಕೆ ಹತ್ತು ನಿಮಿಷ ಬೇಕು.

ಮೂರು ವಾರದ ನಂತರ ಹುಡುಗಿ ಮತ್ತೆ ಬಂದಿದ್ದಳು. ಬೆರಳು ಚೆನ್ನಾಗಿದ್ದವು. ಸ್ಟೆಮ್ಮಿನ ಮೇಲಿನ ಒಂಟಿ ಉಂಗುರ ನೋಡಿ ಹಾಸ್ಟೆಲ್ಲಿನಲ್ಲಿ "ಕೊಂಬು ಬಂದೈತಿ" ಎಂದು ಆಡಿಕೊಳ್ಳುತ್ತಾರಂತೆ.

"ಇರಲಿ ಬಿಡ್ರೀ" ಅಂದಳು ತಾನೇ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ: "ಸರ್, ಮುಂದಿನ ವರ್ಷ ನನಗ ದೊಡ್ಡ ಸೈಜಿನ ಸೈಕಲ್ ಕೊಡ್ತಾರಂತ. ಇದು ನನ್ನ ತಂಗಿಗೆ ಬರತೈತಿ. ಆಕಿ ನನಗಿಂತ ಗಿಡ್ಡ ಅದಾಳ."

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಅವಳ ಕೈಗೆ ಕೊಟ್ಟೆ. ವೈಟ್‌ನರ್ ಗೆರೆ ಸುಲಭಕ್ಕೆ ಹೋಗಲಿಲ್ಲ. ಉಗುರಿನಿಂದ ಕೆರೆದು ಕೆರೆದು ತೆಗೆದಳು.